ಬಾಯಾರು ಅಂದದ್ದು, ಮಾಸ್ತರರು ಹೇಳಿದ್ದು

ಗುರುನಾಥ ಮಾಸ್ತರರಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಸಾಲೋಟಗಿಯ ಸುತ್ತಲಿನ ಹತ್ತು ಹಳ್ಳಿಗೂ ಗೊತ್ತಿದ್ದ ಸಂಗತಿ. ಎಷ್ಟು ಬರುತ್ತದೆ ಎಂದು ಅಳೆದು ನೋಡಿದವರು ಯಾರೂ ಇಲ್ಲ. ಅಳೆಯಬೇಕೆಂದರೆ ಅಳೆಯುವವನಿಗೆ ಅವರಿಗಿಂತ ಹೆಚ್ಚು ಬರಬೇಕಲ್ಲ. ಬ್ಯಾಂಕಿನಿಂದ ಕಾಗದ ಬಂದರೆ ಮಾಸ್ತರರ ಮನೆ, ಔಷಧದ ಡಬ್ಬಿಯ ಮೇಲಿನ ಇರುವೆಸಾಲಿನಂಥ ಅಕ್ಷರ ಓದಬೇಕಾದರೆ ಮಾಸ್ತರರ ಮನೆ, ಮೊಬೈಲಿನಲ್ಲಿ ಏನೋ ಕೆಂಪಗೆ ಬರೆದು ಬಂತೆಂದರೂ ಜನ ಓಡಿ ಬರುವುದು ಅಲ್ಲಿಗೇ.

ಅವರ ಹುಟ್ಟೂರು ಹಲಸಂಗಿ. ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲಿನ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದವರು ಇಲ್ಲಿಯವರೇ ಆಗಿಬಿಟ್ಟರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಯಾರು ಯಾವ ಹೊತ್ತಿನಲ್ಲಿ ಕಾಗದ ಹಿಡಿದು ಬಂದರೂ ಬೇಸರಪಡದೆ ಓದಿ ಹೇಳುವರು. ಆದರೆ ಒಂದು ಚಟವಿತ್ತು. ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ತಿಳಿಯದ ಶಬ್ದ ಅಡ್ಡ ಬಂದರೆ ಕನ್ನಡಕ ಮೇಲೇರಿಸಿ, ಒಂದು ಸಲ ಕೆಮ್ಮಿ, ಹಿಂದಿನ ಮುಂದಿನ ಶಬ್ದ ಹಿಡಿದು ಅರ್ಥ ಕಟ್ಟಿಬಿಡುವರು. ನೂರಕ್ಕೆ ತೊಂಬತ್ತೈದು ಸಲ ಅದು ಸರಿಯೇ ಇರುತ್ತಿತ್ತು. ಉಳಿದ ಐದರಿಂದ ಅಲ್ಲಿಯವರೆಗೆ ಯಾರ ಮನೆಯೂ ಮುಳುಗಿರಲಿಲ್ಲ.

ಶಾಲೆಯಲ್ಲಿ ಅವರಿಗೆ ಬಹಳ ಪ್ರೀತಿಯ ಪಾಠವೆಂದರೆ ‘ಇಫ್’ ಪಾಠ. ಆಗದ್ದನ್ನು ಆದಂತೆ ಇಟ್ಟುಕೊಂಡು ಇಂಗ್ಲಿಷರು ಹೇಗೆ ಮಾತಾಡುತ್ತಾರೆ ಎಂದು ಹತ್ತನೆಯ ಇಯತ್ತೆಗೆ ಪ್ರತಿ ವರ್ಷ ಕಲಿಸುವುದು. ನಾನು ಹಕ್ಕಿಯಾಗಿದ್ದರೆ ಹಾರುತ್ತಿದ್ದೆ. ನಾನು ರಾಜನಾಗಿದ್ದರೆ ದಾನ ಮಾಡುತ್ತಿದ್ದೆ. ಮಕ್ಕಳೆಲ್ಲ ರಾಗವಾಗಿ ಕೂಗುತ್ತಿದ್ದರೆ ಹೊರಗೆ ರಸ್ತೆಯಲ್ಲಿ ಹೋಗುವವರಿಗೂ ಕೇಳಬೇಕು. ಪುಸ್ತಕದ ಹಕ್ಕಿ ಯಾವತ್ತೂ ಸೀದಾ ಹಾರುತ್ತಿತ್ತು. ಹಾರುತ್ತಿದ್ದೆನೋ ಇಲ್ಲವೋ ಎಂದು ಅದು ಅನುಮಾನ ಮಾಡಿದ್ದು ಯಾವ ಪಾಠದಲ್ಲೂ ಇರಲಿಲ್ಲ. ಮಾಸ್ತರರೂ ಅದನ್ನು ಕೇಳಿದವರಲ್ಲ.

ಇನ್ನು ರೇವವ್ವ. ಅರವತ್ತರ ಹತ್ತಿರದ ಹೆಂಗಸು. ಊರ ಪಶ್ಚಿಮಕ್ಕೆ ಎರಡು ಎಕರೆ ಹೊಲ, ಅದರಲ್ಲಿ ಎಂಬತ್ತು ಲಿಂಬೆ ಗಿಡ. ಗಂಡ ರಾಚಪ್ಪ ಇದ್ದಾಗ ಇಬ್ಬರೂ ಸೇರಿ ನೆಟ್ಟದ್ದು. ನೆಟ್ಟ ವರ್ಷದ ಬೇಸಿಗೆಯಲ್ಲಿ ಕೊಡದಿಂದ ನೀರು ಹೊತ್ತು ಒಂದೊಂದು ಬುಡಕ್ಕೂ ಹಾಕಿದ್ದರಂತೆ. ರಾಚಪ್ಪ ತೀರಿಕೊಂಡು ಆರು ವರ್ಷವಾದರೂ ತೋಟಕ್ಕೆ ಕುಂದಿಲ್ಲದಂತೆ ನೋಡಿಕೊಂಡಿದ್ದಳು. ಒಬ್ಬಳೇ ಮಗಳು ಪ್ರಜ್ಞಾ ಗುರುನಾಥ ಮಾಸ್ತರರ ಕೈಕೆಳಗೆ ಕಲಿತವಳು. ನರ್ಸಿಂಗ್ ಕಲಿಯಲು ಅರ್ಜಿ ತುಂಬಿಸಿದವರೂ ಅವರೇ. ಈಗ ಅವಳು ಸಿಂದಗಿಯಲ್ಲಿ ನರ್ಸು. ಹಾಗಾಗಿ ರೇವವ್ವನ ಪಾಲಿಗೆ ಮಾಸ್ತರರ ಮಾತೆಂದರೆ ಮುಗಿಯಿತು, ಅದರ ಮೇಲೆ ಇನ್ನೊಂದು ಮಾತಿಲ್ಲ.

ಹೋದ ವರ್ಷ ಆ ಗಿಡಗಳಿಗೆ ಅದೇನು ಬಡಿಯಿತೋ, ತುದಿಯಿಂದ ಒಣಗುತ್ತ ಬಂದವು. ಎಲೆ ಹಳದಿ ತಿರುಗಿತು, ಬುಡದಲ್ಲಿ ಅಂಟು ಸೋರತೊಡಗಿತು. ಬಾಜೂ ಹೊಲದ ಸಂಗಣ್ಣ, ಲಿಂಬೆ ಬೆಳೆಯುವವರ ಸಂಘದ ಮುಖಂಡ, ನೋಡಿ ತಲೆ ಕೆರೆದುಕೊಂಡ.

“ಕಿತ್ತ ಒಗದು ತೊಗರಿ ಹಾಕು ಯವ್ವ. ಇವು ಹ್ವಾದುವು.”

“ನಂಗ್ಯಾಕೋ ಹಂಗ ಅನಸವಲ್ದಪಾ,” ಎಂದಳು ರೇವವ್ವ. “ನೋಡೂಣು ತಡಿ.”

ಅಷ್ಟರಲ್ಲಿ ಸುದ್ದಿ ಬಂತು. ಹೊರದೇಶದ ಒಬ್ಬ ಬಾಯಾರು (ಕಲಿತ ಹೆಂಗಸರನ್ನು ನಮ್ಮ ಕಡೆ ಹಾಗೆನ್ನುವುದು), ಲಿಂಬೆ ಕಿತ್ತಳೆ ಗಿಡಗಳ ರೋಗ ಓದುವುದರಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು, ಇಂಡಿ ಕಡೆಯ ತೋಟಗಳನ್ನು ನೋಡಲು ಬರುತ್ತಾರೆ. ಸಂಘದವರು ಎರಡು ತೋಟ ತೋರಿಸುವುದೆಂದು ನಿಶ್ಚಯಿಸಿದರು. ಎರಡನೆಯದು ರೇವವ್ವನದು. ಅಂದಿನಿಂದ ಯಾರು ಏನು ಕೇಳಿದರೂ ರೇವವ್ವನದು ಒಂದೇ ಮಾತು: “ಆ ಬಾಯಾರು ಕೀಳ ಅಂದ್ರ ಕೀಳತೇನಿ, ಬ್ಯಾಡ ಅಂದ್ರ ಬಿಡತೇನಿ.”

ಬಾಯಾರ ಜೊತೆ ಬರಬೇಕಾಗಿದ್ದ, ಕನ್ನಡ ಇಂಗ್ಲಿಷ್ ಎರಡೂ ಬಲ್ಲ ಹುಡುಗಿಗೆ ಅಂದು ಜ್ವರ. ಸಂಗಣ್ಣ ಬೈಕು ಹತ್ತಿ ಸೀದಾ ಶಾಲೆಗೆ ಬಂದ. ಮಾಸ್ತರರು ಅರ್ಧ ದಿನದ ರಜೆ ಬರೆದುಕೊಟ್ಟು, ಮನೆಗೆ ಹೋಗಿ ಇಸ್ತ್ರಿಯ ಅಂಗಿ ತೊಟ್ಟು ಬಂದರು. ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವರಿಗೆ ಇಂಗ್ಲಿಷರ ಬಾಯಿಂದಲೇ ಇಂಗ್ಲಿಷ್ ಕೇಳುವ ಯೋಗ ಅದೇ ಮೊದಲು. ಎದೆ ಡವಡವ ಎನ್ನುತ್ತಿತ್ತು, ಮುಖದ ಮೇಲೆ ಮಾತ್ರ ಅದರ ಸುಳಿವಿಲ್ಲ.

ಮೊದಲ ತೋಟದಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು. ಗಿಡಕ್ಕೆ ಎಷ್ಟು ವರ್ಷ, ನೀರು ಎಷ್ಟು ದಿನಕ್ಕೊಮ್ಮೆ, ಇಂಥ ಮಾತು. ಜನ ಮಾಸ್ತರರ ಬಾಯಿಯನ್ನೇ ನೋಡುತ್ತಿದ್ದರು. ರೇವವ್ವನ ತೋಟಕ್ಕೆ ಬಂದಾಗ ಮಧ್ಯಾಹ್ನ ತಿರುಗಿತ್ತು, ಬಾಯಾರಿಗೆ ಇನ್ನೂ ದೂರ ಹೋಗುವುದಿತ್ತು, ಗಾಡಿಯವನು ಹಾರ್ನು ಒತ್ತತೊಡಗಿದ್ದ. ಅವರು ಗಿಡದಿಂದ ಗಿಡಕ್ಕೆ ಹೋಗಿ ಬಗ್ಗಿ ನೋಡಿದರು, ಮುಟ್ಟಿ ನೋಡಿದರು. ಕೊನೆಗೆ ರೇವವ್ವನ ಕಡೆ ತಿರುಗಿ, ತಲೆ ಅಲ್ಲಾಡಿಸುತ್ತ, ಮೆಲ್ಲಗೆ ಅಂದರು:

“ಇಫ್ ದೇ ವರ್ ಮೈನ್, ಐ ಡೌಟ್ ಐಡ್ ಪುಲ್ ದೆಮ್ ಔಟ್.”

ಮಾಸ್ತರರಿಗೆ ‘ಇಫ್’ ಸಿಕ್ಕಿತು, ತಮ್ಮ ಪ್ರೀತಿಯ ‘ಇಫ್’. ‘ಮೈನ್’ ಸಿಕ್ಕಿತು, ನನ್ನವು. ‘ಪುಲ್ ಔಟ್’ ಸಿಕ್ಕಿತು, ಕೀಳುವುದು. ನಡುವೆ ‘ಡೌಟ್’. ಡೌಟು ಯಾರಿಗೆ ಗೊತ್ತಿಲ್ಲ? ನಮ್ಮಲ್ಲಿ ಎಮ್ಮೆ ಕಾಯುವವನಿಗೂ ಗೊತ್ತು. ‘ಅವನೇ ಒಯ್ದಾನ ಅಂತ ನಂಗ ಡೌಟ್ ಐತಿ’ ಎಂದರೆ ಒಯ್ದವನು ಅವನೇ ಎಂದರ್ಥ. ಹಾಗಾದರೆ ಬಾಯಾರಿಗೆ ಕೀಳಬೇಕೆಂಬ ಡೌಟು. ಆದರೂ ಮಾಸ್ತರರು ಜಾಣರು, ಖಾತ್ರಿ ಮಾಡಿಕೊಳ್ಳದೆ ಬಿಡುವವರಲ್ಲ.

“ಯೂ ಡೌಟ್, ಮೇಡಮ್?”

“ಐ ಡು, ರಾದರ್,” ಎಂದು ಬಾಯಾರು ಹೌದೆನ್ನುವಂತೆ ನಕ್ಕರು.

ಅಲ್ಲಿಗೆ ಮುಗಿಯಿತು. ಮಾಸ್ತರರು ಒಂದು ಸಲ ಕೆಮ್ಮಿ, ಎಲ್ಲರಿಗೂ ಕೇಳುವಂತೆ ಹೇಳಿದರು: “ಇವನ್ನ ಕೀಳಬೇಕಾಗತೈತಿ ಅಂತ ಬಾಯಾರಿಗೆ ಡೌಟ್ ಐತಂತ. ತಮ್ಮ ಗಿಡಾ ಆಗಿದ್ರ ಕಿತ್ತ ಹಾಕತಿದ್ರಂತ.”

ರೇವವ್ವ ಒಂದು ಕ್ಷಣ ಬಾಯಾರನ್ನು ನೋಡಿದಳು, ಆಮೇಲೆ ಮಾಸ್ತರರನ್ನು.

“ಖರೇನ್ರಿ ಮಾಸ್ತರ್ರ?”

“ಎರಡು ಸಲ ಕೇಳೇನಿ ಯವ್ವ. ನಿನ್ನ ಮುಂದನ ಕೇಳೇನಿ.”

“ಹಂಗಾರ ಆತ್ರಿ,” ಎಂದಳು ರೇವವ್ವ.

ಮುಂದಿನ ವಾರ ಜೆಸಿಬಿ ಬಂತು. ಹತ್ತೊಂಬತ್ತು ವರ್ಷದ ತೋಟ ನೆಲಕ್ಕುರುಳಲು ಮೂರು ತಾಸು ಸಾಕಾಯಿತು. ಮಾಸ್ತರರು ಅಂದೂ ಬಂದಿದ್ದರು. ಕಷ್ಟಕಾಲದಲ್ಲಿ ಜೊತೆಗೆ ನಿಲ್ಲಬೇಕಲ್ಲ. ರೇವವ್ವ ಬದುವಿನ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು, ಅಳಲಿಲ್ಲ. ಮಾಸ್ತರರು ಹತ್ತಿರ ಹೋಗಿ, ರೋಗ ಬಂದದ್ದನ್ನು ಇಟ್ಟುಕೊಂಡರೆ ನೆಲವೂ ಕೆಡುತ್ತದೆ, ಕಲಿತವರು ಹೇಳಿದ್ದನ್ನು ಕೇಳಬೇಕು ಎಂದು ಬುದ್ಧಿ ಹೇಳಿದರು. ರೇವವ್ವ ಕೊನೆಯ ಕಾಯಿಗಳನ್ನು ಆರಿಸಿ ಒಂದು ಚೀಲ ತುಂಬಿ ಅವರ ಕೈಗೆ ಕೊಟ್ಟಳು. ಬೇಡವೆಂದರೂ ಬಿಡಲಿಲ್ಲ.

ಆಮೇಲೆ ಮೂರು ತಿಂಗಳು ಮಾಸ್ತರರ ಮಾನ ಮತ್ತೂ ಒಂದು ಗೇಣು ಮೇಲಕ್ಕೇರಿತು. ಬಿಳಿ ಬಾಯಾರ ಜೊತೆ ಸಮಸಮ ನಿಂತು ಮಾತಾಡಿದವರು ಎಂದು ಇಂಡಿಯ ಚಹಾದಂಗಡಿಯವರೆಗೂ ಸುದ್ದಿ. ಮಾಸ್ತರರು ‘ಅಯ್ಯ, ಅದರಲ್ಲೇನೈತಿ’ ಎಂದು ಕೈ ಬೀಸುವರು, ಆದರೆ ಎದ್ದು ಹೋಗುತ್ತಿರಲಿಲ್ಲ.

ಒಂದು ಶುಕ್ರವಾರ ಸಂಗಣ್ಣ ನಾಲ್ಕು ಹಾಳೆ ಹಿಡಿದು ಮನೆಗೆ ಬಂದ.

“ಮಾಸ್ತರ್ರ, ಆ ಬಾಯಾರು ವರದಿ ಕಳಿಸ್ಯಾರ್ರಿ. ಕನ್ನಡದಾಗ ಬರದ ಕೊಡ್ರಿ. ಐತವಾರ ಸಂಘದಾಗ ಓದೂಣು.”

ಮಾಸ್ತರರು ರಾತ್ರಿಯ ಊಟಕ್ಕೆ ಮೊದಲೇ ಹಾಳೆ ಮುಂದಿಟ್ಟುಕೊಂಡು ಕೂತರು. ಮೊದಲ ತೋಟದ್ದು ಬರೆದು ಮುಗಿಸಿದರು. ಎರಡನೆಯ ತೋಟಕ್ಕೆ ಬಂದರು. ಎಂಬತ್ತು ಗಿಡ, ಯಜಮಾನಿ ಒಬ್ಬ ಹೆಂಗಸು. ತುದಿ ಒಣಗಿದ್ದರೂ ತೊಗಟೆಯ ಒಳಗೆ ಹಸಿರಿದೆ. ಒಣಗಿದ್ದನ್ನು ಕತ್ತರಿಸಿ, ಗಾಯಕ್ಕೆ ಔಷಧ ಸವರಿ, ಬುಡಕ್ಕೆ ನೀರು ನಿಲ್ಲದಂತೆ ಮಾಡಿದರೆ ಎರಡು ವರ್ಷದಲ್ಲಿ ಮತ್ತೆ ಕಾಯಿ ಬಿಡುತ್ತವೆ. ಗಿಡಗಳನ್ನು ನಾನಾಗಿದ್ದರೆ ಕೀಳುವುದು ಅನುಮಾನವೆಂದು ಯಜಮಾನಿಗೆ ತಿಳಿಸಿದ್ದೇನೆ, ಬಹಳ ಉಪಕಾರಿಯಾದ ಶಾಲಾ ಮಾಸ್ತರರೊಬ್ಬರ ಮೂಲಕ.

ಮಾಸ್ತರರು ಮತ್ತೊಮ್ಮೆ ಓದಿದರು. ಕೆಮ್ಮಲಿಲ್ಲ, ಕನ್ನಡಕವನ್ನೂ ಮುಟ್ಟಲಿಲ್ಲ. ಎದ್ದು ಹೋಗಿ ಕಪಾಟಿನಿಂದ ದಪ್ಪ ನಿಘಂಟು ತಂದರು. ಅದು ಕಾಲೇಜಿನಲ್ಲಿ ಬಹುಮಾನ ಬಂದದ್ದು. ‘ಡೌಟ್’ ಎಂಬ ಶಬ್ದವನ್ನು ಅವರು ಅದರಲ್ಲಿ ಒಂದು ದಿನವೂ ಹುಡುಕಿರಲಿಲ್ಲ. ಗೊತ್ತಿರುವ ಶಬ್ದವನ್ನು ಯಾರು ಹುಡುಕುತ್ತಾರೆ? ಅಲ್ಲಿ ನೆಟ್ಟಗೆ ಬರೆದಿತ್ತು: ಆಗಲಿಕ್ಕಿಲ್ಲ ಎಂದು ಎಣಿಸು, ನಂಬದಿರು. ಇಂಗ್ಲಿಷರು ಡೌಟ್ ಮಾಡಿದರೆಂದರೆ ಅದು ಆಗದು ಎಂದು. ನಾವು ಡೌಟ್ ಮಾಡಿದೆವೆಂದರೆ ಅದು ಆಗೇ ಆಗಿದೆ ಎಂದು. ಶಬ್ದ ಒಂದೇ, ಅವರು ಈ ದಂಡೆಯಲ್ಲಿ ನಿಂತರೆ ನಾವು ಆ ದಂಡೆಯಲ್ಲಿ.

ಬಾಯಾರ ಆ ನಗು ನೆನಪಾಯಿತು. ‘ಯೂ ಡೌಟ್, ಮೇಡಮ್?’ ಎಂದು ಎಷ್ಟು ಠೀವಿಯಿಂದ ಕೇಳಿದ್ದರು ತಾವು! ಅವರು ಪಾಪ, ಬೇಡ ತಾಯಿ, ನಾನಾದರೆ ಕೀಳಲಾರೆ ಎಂದು ಎರಡೆರಡು ಸಲ ಹೇಳಿದ್ದರು. ಎರಡು ಸಲವೂ ತಾವೇ ಅದನ್ನು ತಲೆಕೆಳಗೆ ಮಾಡಿ ಆ ಹೆಂಗಸಿನ ಕೈಗಿಟ್ಟಿದ್ದರು.

ಆಮೇಲೆ ಅವರು ಮಾಡಿದ್ದನ್ನು ಹೇಳುವುದಕ್ಕೆ ನನಗೂ ನಾಲಿಗೆ ಏಳದು, ಆದರೆ ಮುಚ್ಚಿಡುವ ಕತೆಯಲ್ಲ ಇದು. ಮಾಸ್ತರರು ಎರಡನೆಯ ತೋಟದ ಭಾಗವನ್ನು ಬಿಟ್ಟು ಮುಂದಿನದನ್ನು ಬರೆದರು. ಅಕ್ಷರ ದುಂಡಗೆ, ಒಂದೂ ಕಾಟು ಇಲ್ಲದಂತೆ. ಆ ಭಾಗವಿದ್ದ ಇಂಗ್ಲಿಷಿನ ಹಾಳೆಯನ್ನು ನಿಘಂಟಿನೊಳಗೆ ಇಟ್ಟರು. ಕೇಳಿದವರಿಗೆ ಇಷ್ಟೇ ಇತ್ತು ಎಂದರಾಯಿತು. ಓದಿ ನೋಡುವವರು ಯಾರಿದ್ದಾರೆ? ಹಾಗೆಂದುಕೊಂಡ ಕೂಡಲೇ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಆದರೂ ಹಾಳೆಯನ್ನು ಹೊರಗೆ ತೆಗೆಯಲಿಲ್ಲ.

ಮರುದಿನ ಶನಿವಾರ, ಮುಂಜಾನೆಯ ಶಾಲೆ. ನಮ್ಮ ಮಕ್ಕಳಿಗೆ ಡೌಟಿಗೇನು ಬರ? ಅಂದು ಎಣಿಸಿದರು ಮಾಸ್ತರರು. ಮೊದಲ ತಾಸಿನಲ್ಲೇ ಹನ್ನೊಂದು ಸಲ ಕೇಳಿತು ಆ ಶಬ್ದ. ಕೊನೆಗೆ ಸಾಕ್ಷಿ ಎಂಬ ಜಾಣ ಹುಡುಗಿ ಎದ್ದು ನಿಂತಳು.

“ಸರ್, ಒಂದು ಡೌಟ್ ಐತ್ರಿ.”

“ಡೌಟ್ ಅನಬ್ಯಾಡ,” ಎಂದು ಗದರಿಬಿಟ್ಟರು ಮಾಸ್ತರರು. “ಪ್ರಶ್ನೆ ಅನ್ನು.”

ಹುಡುಗಿಯ ಮುಖ ಸಣ್ಣದಾಯಿತು. “ನೀವಽ ಕಲಿಸೀರಿ ಸರ್, ಡೌಟ್ ಇದ್ರ ಕೇಳ್ರಿ ಅಂತ,” ಎಂದು ಕೂತಳು. ಹೌದು, ಎಲ್ಲ ತಾವೇ ಕಲಿಸಿದ್ದು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಏನೇನು ತಲೆಕೆಳಗಾಗಿ ಕಲಿಸಿದ್ದೇನೋ ಎಂದು ಲೆಕ್ಕ ಹಾಕತೊಡಗಿದರೆ ಲೆಕ್ಕಕ್ಕೆ ಕೊನೆಯೇ ಇರಲಿಲ್ಲ. ಕುರ್ಚಿಯ ಮೇಲೆ ಕೂತು, ಪುಸ್ತಕ ತೆರೆದು ಓದಿಕೊಳ್ಳಿರಿ ಎಂದರು.

ಮನೆಗೆ ಬರುವಾಗ ದಾರಿಯಲ್ಲಿ ರೇವವ್ವ ಎದುರಾದಳು. ಈಗ ಅವಳು ಬೇರೆಯವರ ತೋಟದಲ್ಲಿ ಲಿಂಬೆ ಹರಿಯಲು ಹೋಗುತ್ತಿದ್ದಳು. ಕೈತುಂಬ ಮುಳ್ಳು ಗೀರಿದ ಗೆರೆ. ಮಾಸ್ತರರನ್ನು ಕಂಡು ಸೆರಗು ಸರಿಮಾಡಿಕೊಂಡು ನಿಂತಳು.

“ವರದಿ ಬಂದೈತಂತಲ್ರಿ. ನನ್ನ ಗಿಡದ್ದೇನರ ಬರದಾರೇನ್ರಿ?”

“ಇಲ್ಲ ಯವ್ವ,” ಎಂದರು ಮಾಸ್ತರರು. “ಬಾಕಿ ತೋಟದ್ದು ಬರದಾರ.”

“ಇರಲಿ ಬಿಡ್ರಿ. ನೀವು ಇರದಿದ್ರ ನಾ ಇನ್ನೂ ಆ ಸತ್ತ ಗಿಡಾ ಹಿಡಕೊಂಡ ಕುಂದರತಿದ್ದೆ,” ಎಂದು ಕೈಮುಗಿದು ಹೋದಳು.

ನೆಲ ಬಿರಿದು ತಮ್ಮನ್ನು ನುಂಗಬಾರದೇ ಎನಿಸಿತು ಮಾಸ್ತರರಿಗೆ. ಬಿರಿಯಲಿಲ್ಲ. ನೆಲ ಅಷ್ಟು ಸುಲಭಕ್ಕೆ ಯಾರನ್ನೂ ಪಾರುಮಾಡುವುದಿಲ್ಲ. ಮನೆಗೆ ಬಂದು ತಾಟಿನ ಮುಂದೆ ಕೂತರೆ ತಾಟಿನಲ್ಲಿ ಎರಡೇ ರೊಟ್ಟಿ.

“ನಿನ್ನಿಯಿಂದ ಉಣವಲ್ರಿ,” ಎಂದಳು ಹೆಂಡತಿ ಸುನಂದಾ. “ಇವತ್ತೂ ಉಣ್ಣಲಿಕ್ಕಿಲ್ಲ ಅಂತ ಎರಡಽ ಬಡದೇನಿ.”

ಉಣ್ಣಲಿಕ್ಕಿಲ್ಲ. ಮಾಸ್ತರರ ಕೈ ರೊಟ್ಟಿಯ ಮೇಲೇ ನಿಂತಿತು. ಉಣ್ಣಲಿಕ್ಕಿಲ್ಲ ಎಂದರೆ ಉಣ್ಣುವುದಿಲ್ಲ ಎಂದಲ್ಲ, ಉಣ್ಣುತ್ತಾರೆಂದೂ ಅಲ್ಲ. ಬಹುಶಃ ಉಣ್ಣರು ಎಂದು. ದಿನ ಬೆಳಗಾದರೆ ಈ ಸೀಮೆಯ ಗಂಡಸು ಹೆಂಗಸು ಎಲ್ಲರೂ ಆಡುವ ಮಾತು. ಬಸ್ಸು ಬರಲಿಕ್ಕಿಲ್ಲ, ಮಳಿ ಆಗಲಿಕ್ಕಿಲ್ಲ, ಅಂವ ಮಾಡಲಿಕ್ಕಿಲ್ಲ. ಬಾಯಾರು ಅಂದದ್ದೂ ಇದನ್ನೇ, ಇದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಲೆಯ ಮುಂದೆ ಕೂತ ಹೆಂಡತಿಯ ಬಾಯಲ್ಲಿದ್ದ ಮಾತು ತೋಟದಲ್ಲಿ ತಮ್ಮ ಬಾಯಿಗೆ ಬರಲಿಲ್ಲ. ಏಕೆಂದರೆ ಅಂದು ತಾವು ಕನ್ನಡ ಹುಡುಕುತ್ತಿರಲಿಲ್ಲ, ತಮ್ಮ ಇಂಗ್ಲಿಷನ್ನು ಜನರಿಗೆ ತೋರಿಸುತ್ತಿದ್ದರು.

ಐತವಾರ ಸಂಘದಲ್ಲಿ ಬರೆದದ್ದನ್ನು ಓದಿ ಹೇಳಿದರು. ಧ್ವನಿ ಹಿಂದೆ ಕೂತವರಿಗೆ ಕೇಳಿಸಲಿಲ್ಲ. ಓದಿ ಮುಗಿದ ಮೇಲೆ ಸಂಗಣ್ಣ ಎದ್ದು ನಿಂತ.

“ರೇವವ್ವನ ಗಿಡಕ್ಕ ಬಂದ ರೋಗನ ನನ್ನ ತ್ವಾಟಕ್ಕೂ ಬಂದೈತಿ. ಅವತ್ತ ಆಕಿ ಹೊಲದಾಗ ಬಾಯಾರು ಏನು ಹೇಳ್ಯಾರ ಎಲ್ಲಾರೂ ಕೇಳೀರಿ, ಮತ್ಯಾಕ ತಡಾ ಮಾಡೂದು? ನಾಳಿ ಜೆಸಿಬಿ ಹೇಳೇನಿ. ಇನ್ನೂರ ಗಿಡ.”

ಮಾಸ್ತರರು ಬಾಯಿ ತೆರೆದರು. ಮುಂದೆ ಕೂತ ನಲವತ್ತು ಜನ ಅವರನ್ನು ನೋಡಿದರು. ಅದೆಷ್ಟು ಗೌರವ ಆ ಕಣ್ಣುಗಳಲ್ಲಿ! ಅದನ್ನು ಕಳೆದುಕೊಳ್ಳುವ ಮನಸ್ಸಾಗಲಿಲ್ಲ. ನೀರು ಕುಡಿದು ಕೂತರು. ಸಭೆ ಮುಗಿಯಿತು, ಚಹಾ ಬಂತು, ಕುಡಿದು ಎಲ್ಲರೂ ಎದ್ದರು. ಹೀಗೂ ಹೇಡಿಯಾಗಬಹುದೇ ಮನುಷ್ಯ? ಆಗಬಹುದು. ನಲವತ್ತೆಂಟು ವರ್ಷದ ಬಾಳಿನಲ್ಲಿ ಒಂದು ಸಲವೂ ತಪ್ಪಾಯಿತು ಎನ್ನದವನಿಗೆ ಆ ಮಾತು ಹೇಗೆ ಆಡುವುದೆಂದೇ ತಿಳಿದಿರುವುದಿಲ್ಲ.

ಬೆಳಗಾಯಿತು. ರಾತ್ರಿಯೆಲ್ಲ ಕಣ್ಣು ಮುಚ್ಚದ ಮುಖವನ್ನು ತೊಳೆದುಕೊಂಡು, ನಿಘಂಟಿನೊಳಗಿದ್ದ ಹಾಳೆ ಕಿಸೆಯಲ್ಲಿಟ್ಟುಕೊಂಡು, ಮಾಸ್ತರರು ಸೀದಾ ರೇವವ್ವನ ಹೊಲಕ್ಕೆ ನಡೆದರು. ಮೊದಲು ಅವಳಿಗೆ ಹೇಳದೆ ಬೇರೆ ಯಾರಿಗೆ ಹೇಳಿದರೂ ಅದು ಇನ್ನೊಂದು ಮೋಸವಾಗುತ್ತಿತ್ತು. ಲಿಂಬೆ ಇದ್ದ ನೆಲದಲ್ಲಿ ಈಗ ತೊಗರಿ ಎದ್ದಿತ್ತು. ರೇವವ್ವ ಕೂಲಿಗೆ ಹೋಗುವ ಮೊದಲು ಒಂದೆರಡು ಸಾಲು ಕಸ ತೆಗೆಯುತ್ತಿದ್ದಳು. ಮಾಸ್ತರರನ್ನು ಕಂಡು ಕುರ್ಪಿ ಕೆಳಗಿಟ್ಟು ಎದ್ದಳು.

“ಬರ್ರಿ ಮಾಸ್ತರ್ರ. ಇಷ್ಟ ನಸುಕಿನ್ಯಾಗ?”

“ಯವ್ವ, ನಾ ತಪ್ಪು ಹೇಳೀನಿ,” ಎಂದರು ಮಾಸ್ತರರು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. “ಆ ಬಾಯಾರು ಗಿಡ ಕೀಳ ಅಂದಿದ್ದಿಲ್ಲ. ನನಗ ಅವರ ಮಾತು ತಿಳೀಲಿಲ್ಲ. ತಿಳದೈತಿ ಅಂತ ತಿಳ್ಕೊಂಡು ಉಲ್ಟಾ ಹೇಳಿದೆ. ವರದಿಯೊಳಗ ಬರದಾರ. ಮೊನ್ನೆ ನೀ ಕೇಳಿದಾಗ ಸುಳ್ಳು ಹೇಳಿದೆ.”

ರೇವವ್ವ ಅವರ ಮುಖವನ್ನೇ ನೋಡುತ್ತ ನಿಂತಳು. ಬೈಯುತ್ತಾಳೆ ಎಂದುಕೊಂಡರು ಮಾಸ್ತರರು. ಬೈಯಲಿ, ಮಣ್ಣು ತೂರಲಿ, ಊರ ಮುಂದೆ ಎಳೆದೊಯ್ಯಲಿ ಎಂದು ಒಳಗೊಳಗೇ ಬೇಡಿಕೊಂಡರು. ಅವಳು ಹಾಗೇನೂ ಮಾಡಲಿಲ್ಲ.

“ಹಂಗಾರ ಬಾಯಾರು ಖರೇ ಏನ ಅಂದಿದ್ರು ಹೇಳ್ರಿ. ಇದ್ದದ್ದು ಇದ್ದಂಗ.”

ಮಾಸ್ತರರು ತಲೆ ತಗ್ಗಿಸಿ ಹೇಳಿದರು: “ಇವು ನನ್ನ ಗಿಡಾ ಆಗಿದ್ರ, ನಾ ಕೀಳಲಿಕ್ಕಿಲ್ಲ.”

“ಕೀಳಲಿಕ್ಕಿಲ್ಲ,” ಎಂದಳು ರೇವವ್ವ, ಬಾಯಿಯಲ್ಲಿಟ್ಟು ರುಚಿ ನೋಡುವವಳಂತೆ. “ಇಷ್ಟೇನ್ರಿ?”

“ಇಷ್ಟಽ.”

“ಇದು ನಮ್ಮ ಮಾತಽ ಐತಲ್ರಿ.” ಅವಳು ತೊಗರಿಯ ಸಾಲನ್ನು ನೋಡಿದಳು. “ನೀವು ಅವರ ಬಾಯಿ ನೋಡಾಕತ್ತಿದ್ರಿ ಮಾಸ್ತರ್ರ. ನಾ ಕೈ ನೋಡಾಕತ್ತಿದ್ದೆ. ಹಿಂದಿನ ಗಿಡದ ಹತ್ರ ಉಗುರಲೆ ತೊಗಟಿ ಗೀರಿ ನನಗ ತೋರಿಸಿದ್ರು. ಒಳಗ ಹಸರ ಇತ್ತು. ನನ್ನ ಮಾರಿ ನೋಡಿ ನಕ್ಕರು. ಜೀವ ಐತಿ ಅಂತ ಹೇಳಾಕತ್ತಾರ ಅಂತ ನನಗ ಅಲ್ಲೇ ತಿಳೀತು.”

“ಮತ್ತ ಯಾಕ...” ಎಂದರು ಮಾಸ್ತರರು.

“ನೀವು ಕೀಳ ಅಂದ್ರಲ್ರಿ. ನಾ ಸಾಲಿ ಕಟ್ಟಿ ಹತ್ತದಾಕಿ. ಕಲತವ್ರು ಹೇಳಿದ ಮ್ಯಾಲೆ ನನ್ನ ಕಣ್ಣಽ ಸುಳ್ಳು ಅಂದ್ಕೊಂಡೆ.”

ಒಂದೇ ಒಂದು ಬಿರುಸಿನ ಮಾತಿಲ್ಲ. ‘ರೀ’ ಎಂಬುದು ಒಂದು ಕಡೆಯೂ ತಪ್ಪಲಿಲ್ಲ. ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಅಳುವುದಕ್ಕೂ ನಾಚಿಕೆಯಾಯಿತು, ಅಳಬೇಕಾದವಳು ಎದುರಿಗೆ ಅಳದೆ ನಿಂತಿದ್ದಳು.

ಬಾಜೂ ಹೊಲದ ಕಡೆಯಿಂದ ಯಂತ್ರದ ಸದ್ದು ಕೇಳಿಸಿತು. ರೇವವ್ವ ಆ ಕಡೆ ತಿರುಗಿದಳು.

“ಹೋಗ್ರಿ ಮಾಸ್ತರ್ರ, ಲಗೂನ ಹೋಗ್ರಿ. ಆ ಹಸರ ಕಣ್ಣಾಗಿಂದ ಹೋಗಲಿಲ್ಲಂತ ನಿನ್ನಿ ಸಂಜಿಕ ನಾನೂ ಹೋಗಿ ಹೇಳೇನಿ, ಕೀಳಬ್ಯಾಡೋ ಸಂಗಣ್ಣ, ಒಂದ ಸಲ ತೊಗಟಿ ಗೀರಿ ನೋಡು ಅಂತ. ನಿನಗೇನ ತಿಳೀತೈತಿ, ಮಾಸ್ತರ್ರು ಬಾಯಾರನ್ನ ಎರಡ ಸಲ ಕೇಳ್ಯಾರ ಅಂದ.”

ಮಾಸ್ತರರು ಓಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಓಡಿದ್ದನ್ನು ಯಾರೂ ನೋಡಿರಲಿಲ್ಲ. ಬದು ಹಾರುವಾಗ ಚಪ್ಪಲಿ ಹರಿಯಿತು, ಅಲ್ಲೇ ಬಿಟ್ಟು ಓಡಿದರು. ಸಂಗಣ್ಣನ ತೋಟದಲ್ಲಿ ಯಂತ್ರ ಮೊದಲ ಗಿಡದ ಮುಂದೆ ನಿಂತಿತ್ತು. ಹತ್ತು ಹನ್ನೆರಡು ಜನ ಸೇರಿದ್ದರು. ಕಾಯಿ ಆರಿಸಲು ಬಂದ ಹೆಂಗಸರು, ಸಂಘದ ನಾಲ್ಕು ಜನ.

“ನಿಲ್ಲಸೋ ಸಂಗಣ್ಣ,” ಎಂದು ಏದುಸಿರು ಬಿಡುತ್ತ ನಿಂತರು. “ಕೀಳಬ್ಯಾಡ. ಬಾಯಾರು ಅಂದದ್ದನ್ನ ನಾ ತಪ್ಪು ಹೇಳೀನಿ.”

ಸಂಗಣ್ಣ ನಕ್ಕ. “ನೀವೇನ್ರಿ ಮಾಸ್ತರ್ರ, ಹುಡುಗಾಟ ಮಾಡತೀರಿ. ನೀವು ಎಲ್ಲೆರ ತಪ್ಪು ಹೇಳತೀರೇನು?”

“ಹೇಳೀನಪ್ಪ. ನನಗ ಅಷ್ಟು ಇಂಗ್ಲಿಷ ಬರೂದಿಲ್ಲ.”

ಯಾರೂ ನಂಬಲಿಲ್ಲ. ಮಾಸ್ತರರಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಒಬ್ಬ ನೀರಿನ ತಂಬಿಗೆ ಹಿಡಿದು ಬಂದ. ಆಗ ಮಾಸ್ತರರು ಕಿಸೆಯಿಂದ ಹಾಳೆ ತೆಗೆದು, ಎಲ್ಲರ ನಡುವೆ ನಿಂತು, ಎರಡನೆಯ ತೋಟದ ಭಾಗವನ್ನು ಒಂದೊಂದೇ ಮಾತು ಬಿಡಿಸಿ ಕನ್ನಡದಲ್ಲಿ ಓದಿದರು. ತೊಗಟೆಯ ಒಳಗಿನ ಹಸಿರನ್ನು ಓದಿದರು, ಎರಡು ವರ್ಷದಲ್ಲಿ ಕಾಯಿ ಬಿಡುತ್ತವೆ ಎಂಬುದನ್ನು ಓದಿದರು, ಉಪಕಾರಿಯಾದ ಶಾಲಾ ಮಾಸ್ತರ ಎಂಬುದನ್ನೂ ಬಿಡದೆ ಓದಿದರು. ನಿನ್ನೆ ಸಂಘದಲ್ಲಿ ಇದನ್ನು ಬೇಕೆಂದೇ ಬಿಟ್ಟಿದ್ದೆ ಎಂದೂ ಹೇಳಿದರು.

ಸಂಗಣ್ಣನ ನಗು ಇಳಿಯಿತು. ಯಂತ್ರದವನಿಗೆ ಕೈಸನ್ನೆ ಮಾಡಿ ಬಂದ್ ಮಾಡಿಸಿದ. ಹಾಳೆಯನ್ನು ಮಾಸ್ತರರ ಕೈಯಿಂದ ಇಸಕೊಂಡು, ಇಂಗ್ಲಿಷ್ ಓದಲು ಬಾರದಿದ್ದರೂ ಮೇಲಿಂದ ಕೆಳಗೆ ನೋಡಿದ. ಆಮೇಲೆ ಬದುವಿನಾಚೆಯ ತೊಗರಿ ಹೊಲದ ಕಡೆ ನೋಡಿದ.

“ಹಂಗಾರ ಮಾಸ್ತರ,” ಎಂದ. ಅವನ ಬಾಯಲ್ಲಿ ‘ರೀ’ ಇರಲಿಲ್ಲ. “ರೇವವ್ವನ ಗಿಡ?”

ಎಲ್ಲರೂ ಮಾಸ್ತರರ ಬಾಯಿಯನ್ನೇ ನೋಡುತ್ತಿದ್ದರು.

“ಜೀವ ಇದ್ದುವು,” ಎಂದರು ಗುರುನಾಥ ಮಾಸ್ತರರು. “ಎಂಬತ್ತೂ ಜೀವ ಇದ್ದುವು. ಆಕಿಗೆ ಗೊತ್ತಿತ್ತು, ನನಗ ಗೊತ್ತಿರಲಿಲ್ಲ.”